ಬಕೆಟ್ಟಿಗೆ ಬಂದ ಜ್ವರ: ಮನೆಯಲ್ಲಿ ಏಲ್ ಹುದುಗಿಸುವಾಗ ಉಷ್ಣತೆಯ ನಿರ್ವಹಣೆ

(ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಕನ್ನಡಿಗರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ನಿಮ್ಮಲ್ಲಿ ಹಲವರ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕ್ ಇರುವ ಒಂದು ಗೂಡು ಇದೆ. ಇಲ್ಲಿಯವರು ಅದನ್ನು ಏರಿಂಗ್ ಕಬರ್ಡ್ ಎನ್ನುತ್ತಾರೆ ಮತ್ತು ಅದರಲ್ಲಿ ಒಗೆದ ಟವೆಲ್ಲುಗಳನ್ನು ಇಡುತ್ತಾರೆ. ನಾವು ನವೆಂಬರಿನಿಂದ ಮಾರ್ಚ್‌ವರೆಗೆ ದೋಸೆ ಹಿಟ್ಟನ್ನು ಇಡುತ್ತೇವೆ. ನಾನು ಮೊದಲ ಬಾರಿ ಮನೆಯಲ್ಲಿ ಏಲ್ (ತುಸು ಬೆಚ್ಚಗೆ ಹುದುಗಿಸುವ ಬಗೆಯ ಬಿಯರ್) ತಯಾರಿಸಿದಾಗ, ಕಿಟ್ಟಿನ ಜೊತೆ ಬಂದ ಚೀಟಿಯಲ್ಲಿ 'ಬೆಚ್ಚಗಿನ ಜಾಗದಲ್ಲಿ ಇಡಿ' ಎಂದಷ್ಟೇ ಬರೆದಿತ್ತು. ಮನೆಯಲ್ಲಿ ಬೆಚ್ಚಗಿನ ಜಾಗವೆಂದರೆ ಅದೊಂದೇ ಆದ್ದರಿಂದ, 23 ಲೀಟರಿನ ಬಕೆಟ್ಟನ್ನು ದೋಸೆ ಹಿಟ್ಟಿನ ಪಾತ್ರೆಯ ಪಕ್ಕಕ್ಕೆ ತಳ್ಳಿ ಬಾಗಿಲು ಹಾಕಿದೆ. ನಾಲ್ಕೇ ಗಂಟೆಯಲ್ಲಿ ಮುಚ್ಚಳದ ಮೇಲಿನ, ಅನಿಲವನ್ನು ನೀರಿನ ಮೂಲಕ ಹೊರಬಿಡುವ ಏರ್‌ಲಾಕ್ ಗುಳುಗುಳು ಎನ್ನತೊಡಗಿತು, ಮರುದಿನ ಸಂಜೆಗೆ ಒಂದು ಗುಳ್ಳೆಗೂ ಇನ್ನೊಂದಕ್ಕೂ ನಡುವೆ ಬಿಡುವೇ ಇರಲಿಲ್ಲ, ನನಗೆ ಹಿಡಿಸಲಾರದ ಸಂತೋಷ. ಆಗ ಹಾಸನದಿಂದ ನಮ್ಮ ಮನೆಗೆ ಬಂದಿದ್ದ ನನ್ನ ತಾಯಿ ಹಿಟ್ಟು ತೆಗೆಯಲು ಗೂಡಿನ ಬಾಗಿಲು ತೆರೆದವರು ಬಕೆಟ್ಟಿನ ಮೇಲೆ ಅಂಗೈ ಇಟ್ಟು, "ಇದಕ್ಕೆ ಜ್ವರ ಬಂದಿದೆಯಲ್ಲೋ, ಮೈ ಸುಡ್ತಾ ಇದೆ" ಎಂದರು. ನಾನು ನಕ್ಕುಬಿಟ್ಟೆ. ನಾಲ್ಕು ವಾರಗಳ ನಂತರ ಮೊದಲ ಬಾಟಲಿಯನ್ನು ತೆರೆದಾಗ ಮೊದಲು ಬಂದದ್ದು ಸಿಪ್ಪೆ ಕಪ್ಪಾದ ಪಚ್ಚಬಾಳೆಯ ವಾಸನೆ, ಅದರ ಹಿಂದೆಯೇ ಉಗುರಿನ ಬಣ್ಣ ಅಳಿಸುವ ದ್ರಾವಣದ ವಾಸನೆ, ನುಂಗಿದ ಮೇಲೆ ಗಂಟಲಿನಲ್ಲಿ ಅಗ್ಗದ ಬ್ರಾಂದಿಯ ಉರಿ. 40 ಬಾಟಲಿಗಳಲ್ಲಿ 36ನ್ನು ಸಿಂಕಿಗೆ ಸುರಿದೆ. ಕಾಯಿಲೆಯನ್ನು ಅಮ್ಮ ಎರಡನೆಯ ದಿನವೇ ಗುರುತಿಸಿದ್ದರು.

ಅಂದು ನಾನು ಮಾಡಿದ ತಪ್ಪನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ತಪ್ಪುಗಳಿವೆ. ಕೋಣೆಯ ಉಷ್ಣತೆಯೇ ಬಿಯರಿನ ಉಷ್ಣತೆ ಎಂದುಕೊಂಡದ್ದು ಮೊದಲನೆಯದು. ಹುದುಗುವ ಎರಡು ವಾರಗಳಲ್ಲಿ ಪ್ರತಿಯೊಂದು ದಿನಕ್ಕೂ ಒಂದೇ ಬೆಲೆ ಎಂದುಕೊಂಡದ್ದು ಎರಡನೆಯದು. ವಾಸ್ತವದಲ್ಲಿ ಬಿಯರಿನ ರುಚಿಯ ಹೆಚ್ಚಿನ ಪಾಲು ಮೊದಲ ಮೂರು ದಿನಗಳಲ್ಲಿ, ಬಕೆಟ್ಟಿನ ಒಳಗಿನ ಉಷ್ಣತೆಯಿಂದ ತೀರ್ಮಾನವಾಗುತ್ತದೆ. ಇದೊಂದು ಮನಸ್ಸಿನಲ್ಲಿದ್ದರೆ ದುಬಾರಿ ಸಲಕರಣೆ ಇಲ್ಲದೆಯೂ ಒಳ್ಳೆಯ ಏಲ್ ಬರುತ್ತದೆ. ಇದು ಇಲ್ಲದಿದ್ದರೆ ಫ್ರಿಜ್ಜು, ಉಷ್ಣತೆ ನೋಡಿ ಅದನ್ನು ನಡೆಸುವ ಕಂಟ್ರೋಲರು ಎಲ್ಲ ಇದ್ದೂ ಬಾಳೆಹಣ್ಣೇ ಬರುತ್ತದೆ.

ಏಲ್ ಮಾಡುವ ಯೀಸ್ಟ್ ಸ್ಯಾಕರೋಮೈಸಿಸ್ ಸೆರೆವಿಸಿಯೆ. ಬ್ರೆಡ್ಡಿಗೆ ಬಳಸುವುದೂ ಇದೇ ಜಾತಿ. ಲಾಗರ್ ಎಂಬ ಇನ್ನೊಂದು ಬಗೆಯ ಬಿಯರಿನ ಯೀಸ್ಟ್ ಬೇರೆ, ಅದು 8ರಿಂದ 13 ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ, ಅದರ ಮಾತು ಇಂದು ಬೇಡ. ಏಲ್ ಯೀಸ್ಟಿಗೆ ಸಾಮಾನ್ಯವಾಗಿ 18ರಿಂದ 20 ಡಿಗ್ರಿ ಒಗ್ಗುತ್ತದೆ. ಪೊಟ್ಟಣದ ಮೇಲೆ ಇದಕ್ಕಿಂತ ದೊಡ್ಡ ವ್ಯಾಪ್ತಿ ಬರೆದಿರುತ್ತದೆ. ನಮ್ಮ ಊರಿನದೇ ಹೆಸರು ಹೊತ್ತಿರುವ ನಾಟಿಂಗ್‌ಹ್ಯಾಮ್ ಎಂಬ ಒಣ ಯೀಸ್ಟಿಗೆ ತಯಾರಕರು 10ರಿಂದ 25 ಡಿಗ್ರಿ ಎಂದು ಕೊಟ್ಟಿದ್ದಾರೆ. ಆ ಸಂಖ್ಯೆಗಳನ್ನು ನಾವು ಎಚ್ಚರದಿಂದ ಓದಬೇಕು. ಅಷ್ಟರೊಳಗೆ ಯೀಸ್ಟ್ ಕೆಲಸ ಮಾಡುತ್ತದೆ ಎಂಬುದು ಅವುಗಳ ಅರ್ಥವೇ ಹೊರತು, ಎರಡು ತುದಿಗಳಲ್ಲೂ ಒಂದೇ ರುಚಿಯ ಬಿಯರ್ ಬರುತ್ತದೆ ಎಂದಲ್ಲ. ಅದೂ ಅಲ್ಲದೆ ಅದು ಬಿಯರಿನ ಉಷ್ಣತೆ, ಗೋಡೆಯ ಮೇಲಿನ ಥರ್ಮೋಸ್ಟಾಟಿನದಲ್ಲ.

ಈ ಎರಡರ ನಡುವೆ ಅಂತರ ಏಕೆ ಬರುತ್ತದೆ ಎಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ, ಏಕೆಂದರೆ ಈ ಲೆಕ್ಕವನ್ನು ಮೊದಲ ಬಾರಿ ಮಾಡಿದಾಗ ನಾನೇ ಬೆರಗಾದೆ. ಸಕ್ಕರೆಯನ್ನು ಮದ್ಯವಾಗಿಯೂ ಇಂಗಾಲದ ಡೈಆಕ್ಸೈಡ್ ಆಗಿಯೂ ಒಡೆಯುವಾಗ ಯೀಸ್ಟ್ ಶಾಖವನ್ನು ಹೊರಬಿಡುತ್ತದೆ. ಒಂದು ಕಿಲೋ ಸಕ್ಕರೆಯಂಶ ಹುದುಗಿದರೆ ಹೆಚ್ಚುಕಡಿಮೆ 580 ಕಿಲೋಜೂಲ್. 20 ಲೀಟರ್ ಸಾಧಾರಣ ಏಲ್ ತೆಗೆದುಕೊಳ್ಳಿ, ನೀರಿಗೆ ಹೋಲಿಸಿ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ 1.048ರಿಂದ ಹೊರಟು 1.012ಕ್ಕೆ ಇಳಿಯುವಂಥದ್ದು. ಅದರಲ್ಲಿ ಸುಮಾರು ಒಂದೂವರೆ ಕಿಲೋ ಸಕ್ಕರೆ ಕರಗಿ ಹೋಗಿರುತ್ತದೆ, ಅಂದರೆ ಒಟ್ಟು ಶಾಖ 900 ಕಿಲೋಜೂಲಿನ ಹತ್ತಿರ. ಈ ಶಾಖ ಎಲ್ಲೂ ಹೊರಹೋಗದಂತೆ ಬಕೆಟ್ಟಿಗೆ ಕಂಬಳಿ ಹೊದಿಸಿ ಭದ್ರ ಮಾಡಿದರೆ ಬಿಯರು 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬೇಕು. ಇದೇ ಶಾಖವನ್ನು ಮೂರು ದಿನಗಳಿಗೆ ಹಂಚಿದರೆ ಸರಾಸರಿ 3ರಿಂದ 4 ವ್ಯಾಟ್ ಆಗುತ್ತದೆ, ತುರುಸಿನ ಹೊತ್ತಿನಲ್ಲಿ ಅದರ ದುಪ್ಪಟ್ಟು. ನಮ್ಮ ಮನೆಗಳಲ್ಲಿ ರಾತ್ರಿ ಉರಿಸುತ್ತಿದ್ದ ಜೀರೋ ಬಲ್ಬಿಗಿಂತಲೂ ಕಡಿಮೆ. ಆದರೆ ಆ ಬಲ್ಬು ಬಕೆಟ್ಟಿನ ಹೊಟ್ಟೆಯೊಳಗೆ ಹಗಲು ರಾತ್ರಿ ಉರಿಯುತ್ತಿರುತ್ತದೆ. ಹೊರಗಿನ ಗಾಳಿ ಆ ಶಾಖವನ್ನು ಎಷ್ಟು ಬೇಗ ಹೀರಿಕೊಳ್ಳುತ್ತದೆ ಎಂಬುದರ ಮೇಲೆ, ಬಿಯರು ಕೋಣೆಗಿಂತ 2 ಡಿಗ್ರಿ ಮೇಲೆ ನಿಲ್ಲುತ್ತದೋ 5 ಡಿಗ್ರಿ ಮೇಲೋ ಎಂಬುದು ನಿಂತಿದೆ. ನನ್ನ ಊಟದ ಕೋಣೆಯಲ್ಲಿ 19 ಡಿಗ್ರಿ ಇದ್ದ ದಿನ ಬಕೆಟ್ಟಿನ ಮೈಗೆ ಅಂಟಿಸಿದ ಪಟ್ಟಿ 23 ತೋರಿಸಿದ್ದನ್ನು ನಾನೇ ಕಂಡಿದ್ದೇನೆ. ಗೂಡಿನಲ್ಲಿ 27 ಡಿಗ್ರಿ ಇದ್ದಿರಬೇಕು. ಒಳಗಿನದನ್ನು ನೀವೇ ಊಹಿಸಿ.

ಕಿಲೋಜೂಲ್ ಎಂದೆನಲ್ಲ, ಆ ಜೂಲ್ ಎಂಬ ಹೆಸರಿನ ಬಗ್ಗೆ ಒಂದು ಮಾತು. ಶಾಖವೂ ಯಾಂತ್ರಿಕ ಕೆಲಸವೂ ಒಂದರಿಂದ ಇನ್ನೊಂದಕ್ಕೆ ಬದಲಾಗಬಲ್ಲವು ಎಂದು ಅಳೆದು ತೋರಿಸಿದ ಜೇಮ್ಸ್ ಪ್ರೆಸ್ಕಾಟ್ ಜೂಲ್ ಹುಟ್ಟಿದ್ದು 1818ರಲ್ಲಿ, ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸಾಲ್ಫರ್ಡಿನ ಒಂದು ಬ್ರೂವರಿ ಕುಟುಂಬದಲ್ಲಿ. ನೀರನ್ನು ಕಲಕಿದಾಗ ಡಿಗ್ರಿಯ ಎಷ್ಟೋ ಸಣ್ಣ ಭಾಗದಷ್ಟು ಅದು ಬೆಚ್ಚಗಾಗುವುದನ್ನು ಓದಬಲ್ಲೆ ಎಂದು ಅವನು ಹೇಳಿದಾಗ ಸಮಕಾಲೀನರು ನಂಬಲು ಹಿಂಜರಿದರು. ಬ್ರೂವರಿಯ ಅಂಗಳದಲ್ಲಿ ಬೆಳೆದವನ ಕೈಗೆ ಥರ್ಮಾಮೀಟರ್ ಅಷ್ಟು ಪಳಗಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಅದಕ್ಕೂ ಹಿಂದೆ, 18ನೇ ಶತಮಾನದಲ್ಲಿ, ಹ್ಯಾಂಪ್‌ಶೈರಿನ ಆಲ್ಟನ್ನಿನಲ್ಲಿದ್ದ ಜೇಮ್ಸ್ ಬೇವರ್‌ಸ್ಟಾಕ್ ಎಂಬ ಬ್ರೂವರ್ ತನ್ನ ತಂದೆಯ ಕಣ್ಣು ತಪ್ಪಿಸಿ ಥರ್ಮಾಮೀಟರ್ ಬಳಸಬೇಕಾಗಿತ್ತು, ಏಕೆಂದರೆ ಹಿರಿಯರಿಗೆ ಕೈಯ ಅಂದಾಜಿನ ಮೇಲೆ ಇದ್ದ ನಂಬಿಕೆ ಗಾಜಿನ ಕೊಳವೆಯ ಮೇಲೆ ಇರಲಿಲ್ಲ. ಬರಬರುತ್ತ ದೊಡ್ಡ ಬ್ರೂವರಿಗಳು ಹುದುಗುವ ತೊಟ್ಟಿಗಳೊಳಗೆ ತಾಮ್ರದ ಕೊಳವೆಗಳ ಸುರುಳಿಯನ್ನು ಇಳಿಬಿಟ್ಟು, ಅದರಲ್ಲಿ ತಣ್ಣೀರು ಹರಿಸಿ ಬಿಯರಿನ ಬಿಸಿ ಇಳಿಸತೊಡಗಿದವು. ತೊಟ್ಟಿ ದೊಡ್ಡದಾದಷ್ಟೂ ಒಳಗಿನ ದ್ರವಕ್ಕೆ ಹೋಲಿಸಿದರೆ ಹೊರಮೈ ಕಡಿಮೆ, ಶಾಖ ತಾನಾಗಿ ಹೊರಹೋಗುವುದಿಲ್ಲ. ಆದ್ದರಿಂದ ಅವರಿಗೆ ಬೇರೆ ದಾರಿ ಇರಲಿಲ್ಲ. ನಮ್ಮ ಬಕೆಟ್ಟು ಸಣ್ಣದಿರುವುದು ನಮ್ಮ ಭಾಗ್ಯ.

ನಾಟಿಂಗ್‌ಹ್ಯಾಮಿನವರಿಗಂತೂ ಕಾಲ ಕೆಳಗೇ ಒಂದು ಉಪಾಯ ಇತ್ತು. ಈ ನಗರದ ಕೆಳಗೆ ಮೆದು ಮರಳುಗಲ್ಲಿನಲ್ಲಿ ಕೊರೆದ ನೂರಾರು ಗುಹೆಗಳಿವೆ, ಅವುಗಳಲ್ಲಿ ವರ್ಷವಿಡೀ 14 ಡಿಗ್ರಿಯ ಆಸುಪಾಸಿನ ತಂಪು ಇರುತ್ತದೆ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ತಯಾರಿಕೆಗೂ ಏಲ್ ಶೇಖರಣೆಗೂ ಇಲ್ಲಿಯವರು ಶತಮಾನಗಳ ಕಾಲ ಅವನ್ನು ಬಳಸಿದರು. ನಿಮ್ಮಲ್ಲಿ ಯಾರಾದರೂ ಹಳೆಯ ಮನೆ ಕೊಂಡು, ನೆಲಮಾಳಿಗೆಯ ಕೆಳಗೆ ಇನ್ನೊಂದು ಮಾಳಿಗೆ ಇದೆಯೆಂದು ಕಂಡರೆ ದಯವಿಟ್ಟು ನನಗೆ ಮೊದಲು ಹೇಳಿ.

ಹೆಚ್ಚಾದ ಬಿಸಿ ರುಚಿಯನ್ನು ಕೆಡಿಸುವ ಬಗೆಗೆ ಬರೋಣ. ಯೀಸ್ಟನ್ನು ವರ್ಟಿಗೆ, ಅಂದರೆ ಮಾಲ್ಟಿನಿಂದ ತೆಗೆದ ಸಿಹಿ ಕಷಾಯಕ್ಕೆ, ಹಾಕಿದ ಮೊದಲ ಕೆಲವು ಗಂಟೆಗಳು ಅದು ಸುತ್ತಲಿನ ಆಮ್ಲಜನಕವನ್ನು ಹೀರಿಕೊಂಡು ಸಿದ್ಧವಾಗುತ್ತದೆ, ನಂತರ ಒಂದೆರಡು ದಿನ ತನ್ನ ಸಂತತಿಯನ್ನು ಬೆಳೆಸುತ್ತದೆ. ಹೀಗೆ ಬೆಳೆಯುವಾಗ ವರ್ಟಿನ ಅಮೈನೋ ಆಮ್ಲಗಳನ್ನು ಬಳಸಿಕೊಂಡು ಉಳಿದ ತುಣುಕುಗಳನ್ನು ಫ್ಯೂಸೆಲ್ ಎಂಬ ಭಾರವಾದ ಆಲ್ಕೊಹಾಲುಗಳ ರೂಪದಲ್ಲಿ ಹೊರಹಾಕುತ್ತದೆ. ಆ ಆಲ್ಕೊಹಾಲುಗಳಿಂದಲೂ ಸಾಧಾರಣ ಮದ್ಯದಿಂದಲೂ ಎಸ್ಟರ್ ಎಂಬ ಪರಿಮಳದ ವಸ್ತುಗಳು ಹುಟ್ಟುತ್ತವೆ. ಬಾಳೆಹಣ್ಣಿನ ವಾಸನೆಯದು ಐಸೊಅಮೈಲ್ ಅಸಿಟೇಟ್, ಉಗುರುಬಣ್ಣದ ದ್ರಾವಣದ್ದು ಇಥೈಲ್ ಅಸಿಟೇಟ್. ಇವು ಶತ್ರುಗಳೇನಲ್ಲ. ಸ್ವಲ್ಪ ಎಸ್ಟರ್ ಇಲ್ಲದ ಇಂಗ್ಲಿಷ್ ಬಿಟರ್ ಎಂಬ ಏಲ್ ಸಪ್ಪೆ. ಜರ್ಮನಿಯ ಗೋಧಿ ಬಿಯರಿನಲ್ಲಿ ಬಾಳೆಹಣ್ಣೇ ಬೇಕು. ಆದರೆ ಉಷ್ಣತೆ ಏರಿದಂತೆ ಬೆಳವಣಿಗೆ ಆತುರದಿಂದ ನಡೆದು, ಇವೆರಡೂ ಬೇಕಾದದ್ದಕ್ಕಿಂತ ಹೆಚ್ಚು ಹುಟ್ಟುತ್ತವೆ, ಮತ್ತು ಫ್ಯೂಸೆಲ್‌ಗಳು ಒಮ್ಮೆ ಹುಟ್ಟಿದರೆ ಬಾಟಲಿಯಲ್ಲಿ ಎಷ್ಟು ತಿಂಗಳು ಇಟ್ಟರೂ ಹೋಗುವುದಿಲ್ಲ. ಮರುದಿನದ ತಲೆನೋವಿಗೆ ಫ್ಯೂಸೆಲ್‌ಗಳೇ ಕಾರಣ ಎಂದು ಹೇಳುವವರಿದ್ದಾರೆ. ಆ ವಿಚಾರವನ್ನು ನಾನು ವೈದ್ಯರಿಗೆ ಬಿಡುತ್ತೇನೆ, ಗಂಟಲಿನ ಉರಿಯೊಂದೇ ನನಗೆ ಸಾಕಷ್ಟು ಕಾರಣ. ಬೆಳವಣಿಗೆ ಮುಗಿದ ಮೇಲೆ, ಅಂದರೆ ಮೂರನೆಯ ಅಥವಾ ನಾಲ್ಕನೆಯ ದಿನದ ಬಳಿಕ, ಅದೇ ಬಿಯರು 21 ಅಥವಾ 22 ಡಿಗ್ರಿಗೆ ಏರಿದರೂ ಈ ಅಪಾಯ ಅಷ್ಟಿಲ್ಲ. ಆದ್ದರಿಂದಲೇ ಕಾವಲು ಮೊದಲ ಮೂರು ದಿನಕ್ಕೆ ಬೇಕು ಎಂದದ್ದು.

ಕಾವಲು ಆರಂಭವಾಗುವುದು ಯೀಸ್ಟ್ ಹಾಕುವ ಕ್ಷಣದಿಂದ. ವರ್ಟನ್ನು ಕುದಿಸಿ ಮುಗಿಸಿದವರಿಗೆ, ಐದು ಗಂಟೆ ಕಾಲು ನೋಯಿಸಿಕೊಂಡು ನಿಂತವರಿಗೆ, ಬೇಗ ಯೀಸ್ಟ್ ಉದುರಿಸಿ ಮಲಗುವ ಆಸೆ ಇರುತ್ತದೆ. ಚಳಿಗಾಲದಲ್ಲಿ ವರ್ಟಿನೊಳಗೆ ಮುಳುಗಿಸಿದ ತಾಮ್ರದ ಕೊಳವೆಯ ಸುರುಳಿಯೊಳಗೆ ನಲ್ಲಿ ನೀರು ಹರಿಸಿದರೆ ಅರ್ಧ ಗಂಟೆಯಲ್ಲಿ ವರ್ಟ್ 16 ಡಿಗ್ರಿಗೆ ಬರುತ್ತದೆ, ಸಮಸ್ಯೆಯಿಲ್ಲ. ಜುಲೈ, ಆಗಸ್ಟಿನಲ್ಲಿ ನಲ್ಲಿಯ ನೀರೇ 18, 19 ಡಿಗ್ರಿ ಇರುವಾಗ ವರ್ಟ್ 24ಕ್ಕೆ ಬಂದು ನಿಂತುಬಿಡುತ್ತದೆ. ಆಗ ಯೀಸ್ಟ್ ಹಾಕಿ, ನಂತರ ಫ್ರಿಜ್ಜಿನಲ್ಲಿಟ್ಟು 18ಕ್ಕೆ ಇಳಿಸೋಣ ಎಂದು ಲೆಕ್ಕ ಹಾಕುವವರು ಒಂದನ್ನು ಮರೆಯುತ್ತಾರೆ: ಫ್ರಿಜ್ಜು 20 ಲೀಟರನ್ನು 6 ಡಿಗ್ರಿ ಇಳಿಸಲು ಆರೇಳು ಗಂಟೆ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಯೀಸ್ಟ್ ತನ್ನ ಅತಿ ಮುಖ್ಯವಾದ ಹೊತ್ತನ್ನು ಬಿಸಿಯಲ್ಲೇ ಕಳೆದಿರುತ್ತದೆ. ಮುಚ್ಚಳ ಹಾಕಿ, ಸ್ವಚ್ಛತೆ ಕಾಪಾಡಿ, ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಗ್ಗೆ 17 ಡಿಗ್ರಿಗೆ ಬಂದ ಮೇಲೆ ಯೀಸ್ಟ್ ಹಾಕುವುದು ಎಷ್ಟೋ ಮೇಲು. ನಮಗೆ ಬೇಕಾದ ಉಷ್ಣತೆಗಿಂತ ಒಂದು ಡಿಗ್ರಿ ಕೆಳಗೆ ಆರಂಭಿಸಿ ತಾನಾಗಿ ಏರಲು ಬಿಡುವುದು ನನ್ನ ಪದ್ಧತಿ. ಯೀಸ್ಟಿನ ಪ್ರಮಾಣವೂ ಸಾಕಷ್ಟಿರಲಿ. 11 ಗ್ರಾಮಿನ ಒಂದು ಪೊಟ್ಟಣ ಸಾಧಾರಣ ಬಿಯರಿಗೆ ಸಾಕು, ಆರಂಭದ ಸಾಂದ್ರತೆ 1.065 ದಾಟಿದರೆ ಎರಡು ಪೊಟ್ಟಣ ಹಾಕಿ.

ಅಳತೆಯ ವಿಷಯದಲ್ಲಿ ಒಂದು ಚಿಕ್ಕ ಕೈಗೆಲಸ ಹೇಳಿಕೊಡುತ್ತೇನೆ. ಕಂಟ್ರೋಲರಿನ ಸೆನ್ಸರನ್ನು ಫ್ರಿಜ್ಜಿನ ಗಾಳಿಯಲ್ಲಿ ತೂಗುಬಿಟ್ಟರೆ ಅದು ಗಾಳಿಯನ್ನು 18ಕ್ಕೆ ಕಾಯುತ್ತದೆ, ಬಿಯರು ತನ್ನ ಪಾಡಿಗೆ 21ಕ್ಕೆ ಏರಿರುತ್ತದೆ. ಸೆನ್ಸರಿನ ತುದಿಯನ್ನು ಬಕೆಟ್ಟಿನ ಹೊರಮೈಗೆ, ದ್ರವದ ಮಟ್ಟದ ಅರ್ಧದಷ್ಟು ಎತ್ತರದಲ್ಲಿ ಒತ್ತಿಹಿಡಿದು, ಅದರ ಮೇಲೆ ಪಾತ್ರೆ ಉಜ್ಜುವ ಹೊಸ ಸ್ಪಂಜನ್ನು ಮುಚ್ಚಿ, ಸುತ್ತ ಎರಡು ಸುತ್ತು ಅಗಲವಾದ ಟೇಪು ಬಿಗಿಯಿರಿ. ಸ್ಪಂಜು ಫ್ರಿಜ್ಜಿನ ತಣ್ಣನೆಯ ಗಾಳಿಯನ್ನು ಸೆನ್ಸರಿನಿಂದ ದೂರವಿಡುತ್ತದೆ, ಅದಕ್ಕೆ ಬಕೆಟ್ಟಿನ ಮೈಯ ಬಿಸಿ ಮಾತ್ರ ಗೊತ್ತಾಗುತ್ತದೆ. ತುದಿ ಮುಚ್ಚಿದ ಉಕ್ಕಿನ ಕೊಳವೆಯೊಂದನ್ನು ಮುಚ್ಚಳದಿಂದ ಒಳಕ್ಕೆ ಇಳಿಸಿ ಸೆನ್ಸರನ್ನು ನಡುಮಧ್ಯದಲ್ಲಿ ಇಡುವವರೂ ಇದ್ದಾರೆ. ಕೇಳಲು ಅದೇ ಸರಿಯೆನಿಸುತ್ತದೆ, ಆದರೆ ತಂಪು ಹೊರಗಿನಿಂದ ನಡುವಿಗೆ ತಲುಪಲು ಹೊತ್ತು ಹಿಡಿಯುತ್ತದೆ. ಅಲ್ಲಿಯವರೆಗೆ ಫ್ರಿಜ್ಜು ಓಡುತ್ತಲೇ ಇದ್ದು, ನಿಂತ ಮೇಲೂ ಬಿಯರು ಇಳಿಯುತ್ತ ಹೋಗಿ, ಹೀಟರು ಹೊತ್ತಿಕೊಂಡು, ರಾತ್ರಿಯೆಲ್ಲ ಒಂದು ತಂಪು ಮಾಡುವುದು ಇನ್ನೊಂದು ಬಿಸಿ ಮಾಡುವುದು ನಡೆಯುತ್ತದೆ. ನನ್ನ ಅನುಭವದಲ್ಲಿ ಎರಡು ಪೌಂಡ್ ಬೆಲೆಯ ಸ್ಪಂಜೇ ಗೆದ್ದಿದೆ.

ಫ್ರಿಜ್ಜು ಕೊಳ್ಳುವವರು ಹಳೆಯ, ಐಸ್ ಪೆಟ್ಟಿಗೆಯಿಲ್ಲದ ಎತ್ತರದ ಫ್ರಿಜ್ಜನ್ನು ಹುಡುಕಿ. ನನ್ನದಕ್ಕೆ 40 ಪೌಂಡ್ ಕೊಟ್ಟೆ. ನೋಡಲು ಹೋಗುವಾಗ ಖಾಲಿ ಬಕೆಟ್ಟನ್ನೂ ಜೊತೆಗೆ ಒಯ್ಯಿರಿ. ಮಾರುವವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಹಿಂಭಾಗದ ಕೆಳಗೆ ಕಂಪ್ರೆಸರಿನ ದಿಬ್ಬ ಇರುವುದರಿಂದ ಅಳತೆಪಟ್ಟಿ ಹೇಳುವ ಆಳ ಒಂದು, ಬಕೆಟ್ಟು ಕೂರುವ ಆಳ ಇನ್ನೊಂದು. ಇಂಕ್‌ಬರ್ಡ್‌ನಂಥ ಎರಡು ಸಾಕೆಟ್ಟಿನ ಕಂಟ್ರೋಲರಿನ ಒಂದು ಸಾಕೆಟ್ಟಿಗೆ ಫ್ರಿಜ್ಜನ್ನೂ ಇನ್ನೊಂದಕ್ಕೆ ಹಸಿರುಮನೆಗಳಲ್ಲಿ ಬಳಸುವ ಸಣ್ಣ ಕೊಳವೆ ಹೀಟರನ್ನೂ ಸಿಕ್ಕಿಸಬೇಕು. 18 ಡಿಗ್ರಿಗೆ ಇಟ್ಟು, ಎರಡೂ ಕಡೆಗೆ ಅರ್ಧ ಡಿಗ್ರಿಯಿಂದ ಒಂದು ಡಿಗ್ರಿಯ ಸಡಿಲ ಬಿಡಿ, ಕಂಪ್ರೆಸರು ನಿಂತ ಮೇಲೆ ಮತ್ತೆ ಓಡಲು ಕನಿಷ್ಠ ಐದು ನಿಮಿಷದ ಬಿಡುವು ಕೊಡಿ, ಇಲ್ಲದಿದ್ದರೆ ಅದು ಬೇಗ ಸಾಯುತ್ತದೆ. ಇನ್ನೊಂದು ಎಚ್ಚರಿಕೆ: ಆ ಒಂದೂವರೆ ಕಿಲೋ ಸಕ್ಕರೆಯಿಂದ ಸುಮಾರು 400 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಎರಡನೆಯ ದಿನ ಫ್ರಿಜ್ಜಿನ ಬಾಗಿಲು ತೆರೆದು ವಾಸನೆ ನೋಡಲು ತಲೆ ತೂರಿಸಿದರೆ ಮೂಗಿನೊಳಗೆ ಸೂಜಿ ಚುಚ್ಚಿದಂತಾಗುತ್ತದೆ. ಬಾಗಿಲು ತೆರೆದು ಒಂದು ನಿಮಿಷ ಬಿಟ್ಟು ಬಗ್ಗಿ, ಕಿಟಕಿಯಿಲ್ಲದ ಕಿರಿದಾದ ಕೋಣೆಯಲ್ಲಿ ಇಡಬೇಡಿ.

ಫ್ರಿಜ್ಜಿಗೆ ಜಾಗವಿಲ್ಲದವರು, ಬಾಡಿಗೆ ಮನೆಯವರು, ಬೇಸರಪಡಬೇಕಾಗಿಲ್ಲ. ಬೇಸಗೆಯಲ್ಲಿ ಮಣ್ಣಿನ ಹೂಜಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬರುವ ಕಡೆ ಇಡುತ್ತಿದ್ದುದನ್ನು ನೋಡಿಯೇ ಬೆಳೆದವರು ನಾವು. ಬಕೆಟ್ಟನ್ನು ಅಗಲವಾದ ಟಬ್ಬಿನಲ್ಲಿ ನಿಲ್ಲಿಸಿ, ನಾಲ್ಕು ಬೆರಳಿನಷ್ಟು ನೀರು ಹಾಕಿ, ಹಳೆಯ ಹತ್ತಿ ಬನಿಯನ್ನನ್ನು ಬಕೆಟ್ಟಿಗೆ ತೊಡಿಸಿ ಅದರ ಅಂಚು ನೀರಿನಲ್ಲಿ ಅದ್ದಿರುವಂತೆ ಮಾಡಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟರೆ 3ರಿಂದ 4 ಡಿಗ್ರಿ ಇಳಿಯುತ್ತದೆ. ಅದೂ ಸಾಲದ ದಿನಗಳಲ್ಲಿ ಟಬ್ಬಿನಲ್ಲಿ ಬಿಯರಿನ ಮಟ್ಟದವರೆಗೆ ನೀರು ತುಂಬಿ, ಫ್ರೀಜರಿನಲ್ಲಿ ಗಡ್ಡೆಕಟ್ಟಿಸಿದ ಪ್ಲಾಸ್ಟಿಕ್ ಬಾಟಲಿಗಳನ್ನು ಅದರಲ್ಲಿ ತೇಲಿಬಿಡಿ. ಇಲ್ಲೂ ಲೆಕ್ಕ ಸರಳವಾಗಿದೆ: ಒಂದು ಕಿಲೋ ಮಂಜುಗಡ್ಡೆ ಕರಗುವಾಗ 334 ಕಿಲೋಜೂಲ್ ಹೀರುತ್ತದೆ, ಯೀಸ್ಟ್ ಒಂದು ದಿನಕ್ಕೆ ಸರಾಸರಿ 300 ಕಿಲೋಜೂಲ್ ಕೊಡುತ್ತದೆ. ಬೆಳಗ್ಗೆ ಅರ್ಧ ಲೀಟರಿನ ಒಂದು ಬಾಟಲಿ, ಸಂಜೆ ಇನ್ನೊಂದು ಹಾಕಿದರೆ ಯೀಸ್ಟಿನ ಬಿಸಿಗೆ ಸರಿಹೋಯಿತು. ಉಳಿದದ್ದು ಮನೆಯ ಬಿಸಿಗೆ ಎಷ್ಟು ಬೇಕೋ ಅಷ್ಟು. 2022ರ ಜುಲೈ 19ರಂದು ನಮ್ಮ ಪಕ್ಕದ ಲಿಂಕನ್‌ಶೈರಿನ ಕೋನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾಯಿತು, ಈ ದೇಶದ ಈವರೆಗಿನ ಗರಿಷ್ಠ. ಅದಕ್ಕೆ ಎರಡು ದಿನ ಮೊದಲು ಹವಾಮಾನ ಇಲಾಖೆಯ ಕೆಂಪು ಎಚ್ಚರಿಕೆಯನ್ನು ಲೆಕ್ಕಿಸದೆ ನಾನು ಪೇಲ್ ಏಲಿಗೆ ಯೀಸ್ಟ್ ಹಾಕಿದ್ದೆ. ಫ್ರಿಜ್ಜಿನಲ್ಲಿ ಆಗಲೇ ಇನ್ನೊಂದು ಬಕೆಟ್ಟು ಕೂತಿತ್ತು. ಮಕ್ಕಳ ಹಳೆಯ ಸ್ನಾನದ ತೊಟ್ಟಿಯಲ್ಲಿ ಬಕೆಟ್ಟು ನಿಲ್ಲಿಸಿ, ಆರು ಗಂಟೆಗೊಮ್ಮೆ ಎರಡು ಲೀಟರಿನ ಮಂಜುಗಡ್ಡೆಯ ಬಾಟಲಿಯನ್ನು ಬದಲಾಯಿಸುತ್ತ, ರಾತ್ರಿ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದೆ. ಮನೆಯೊಳಗೆ 32 ಡಿಗ್ರಿ, ಬಿಯರಿನಲ್ಲಿ 21. ಆ ವರ್ಷದ ನನ್ನ ಬಿಯರುಗಳಲ್ಲಿ ಅದೇ ಚೆನ್ನಾಗಿತ್ತು ಎಂದು ಮನೆಗೆ ಬಂದವರು ಹೇಳಿದರು. ಫ್ರೀಜರಿನಿಂದ ಹೊರಗೆ ತೆಗೆದಿಟ್ಟ ತೆಂಗಿನತುರಿಯ ಬಗ್ಗೆ ನನ್ನ ಹೆಂಡತಿ ಹೇಳಿದ್ದು ಬೇರೆ.

ಚಳಿಗಾಲದ ಸಮಸ್ಯೆ ಇದಕ್ಕೆ ತಿರುವುಮುರುವು, ಆದರೆ ಅದು ಬರುವುದು ತಡವಾಗಿ. ಮೊದಲ ಮೂರು ದಿನ ಯೀಸ್ಟ್ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಕೋಣೆ 15 ಡಿಗ್ರಿ ಇದ್ದರೂ ನಡೆದುಹೋಗುತ್ತದೆ. ಸಕ್ಕರೆ ಕಡಿಮೆಯಾದಂತೆ ಆ ಒಲೆ ಆರುತ್ತದೆ, ರಾತ್ರಿ ಹತ್ತಕ್ಕೆ ಮನೆಯ ಹೀಟಿಂಗೂ ನಿಲ್ಲುತ್ತದೆ, ಬಿಯರು ಬೆಳಗಿನ ಜಾವಕ್ಕೆ 14ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಏಲ್ ಯೀಸ್ಟುಗಳಲ್ಲಿ ಹಲವು ತಂಪು ತಗುಲಿದರೆ ಒಂದಕ್ಕೊಂದು ಅಂಟಿ ಮುದ್ದೆಯಾಗಿ ತಳಕ್ಕೆ ಬೀಳುವ ಸ್ವಭಾವದವು. ಹೈಡ್ರೋಮೀಟರು 1.020ರಲ್ಲಿ ನಿಂತುಬಿಡುತ್ತದೆ, ಗುಳ್ಳೆಯೂ ನಿಲ್ಲುತ್ತದೆ, ಮುಗಿಯಿತೆಂದು ಬಾಟಲಿಗೆ ತುಂಬಿದರೆ ಬೇಸಗೆಯಲ್ಲಿ ಅದೇ ಯೀಸ್ಟ್ ಎಚ್ಚೆತ್ತು ಉಳಿದ ಸಕ್ಕರೆಯನ್ನು ತಿಂದು ಬಾಟಲಿಯನ್ನು ಒಡೆಯುತ್ತದೆ. ಗಾಜಿನ ಚೂರು ಗೋಡೆಗೆ ನಾಟಿದ್ದನ್ನು ಒಬ್ಬ ಗೆಳೆಯನ ಗ್ಯಾರೇಜಿನಲ್ಲಿ ನೋಡಿದ್ದೇನೆ, ಇದು ತಮಾಷೆಯ ವಿಷಯವಲ್ಲ. ಹಾಗೆ ನಿಂತ ಬಕೆಟ್ಟನ್ನು ಹೀಟ್ ಬೆಲ್ಟ್ ಕಟ್ಟಿ ನಿಧಾನವಾಗಿ 20, 21ಕ್ಕೆ ತಂದು, ಗಾಳಿ ಸೇರದಂತೆ ಮೆಲ್ಲಗೆ ತಿರುಗಿಸಿ ತಳದ ಯೀಸ್ಟನ್ನು ಎಬ್ಬಿಸಿದರೆ ಸಾಮಾನ್ಯವಾಗಿ ಮತ್ತೆ ಹೊರಡುತ್ತದೆ.

ನಿಲ್ಲುವವರೆಗೆ ಕಾಯದೆ ಮೊದಲೇ ಬಿಸಿ ಏರಿಸುವುದು ಜಾಣತನ. ನೊರೆ ಇಳಿಯತೊಡಗಿದಾಗ, ಹೈಡ್ರೋಮೀಟರು 1.020ರ ಹತ್ತಿರ ಬಂದಾಗ, ದಿನಕ್ಕೊಂದು ಡಿಗ್ರಿಯಂತೆ 18ರಿಂದ 21ಕ್ಕೆ ಏರಿಸಿ. ಇದಕ್ಕೆ ಇನ್ನೊಂದು ಕಾರಣವೂ ಇದೆ, ಅದರ ಹೆಸರು ಡೈಅಸಿಟೈಲ್. ಕಡೆದು ತೆಗೆದ ಬೆಣ್ಣೆಗೆ ಆ ಹಿತವಾದ ಪರಿಮಳ ಕೊಡುವುದು ಇದೇ ವಸ್ತು, ಬಿಯರಿನಲ್ಲಿ ಮಾತ್ರ ಅದು ಚಿತ್ರಮಂದಿರದ ಪಾಪ್‌ಕಾರ್ನಿನ ವಾಸನೆಯಾಗಿ ಬಂದು ಕೂರುತ್ತದೆ. ಯೀಸ್ಟ್ ಬೆಳೆಯುವಾಗ ಇದರ ಪೂರ್ವರೂಪವನ್ನು ಹೊರಹಾಕುತ್ತದೆ, ಅದು ಬಿಯರಿನಲ್ಲಿ ನಿಧಾನವಾಗಿ ಡೈಅಸಿಟೈಲ್ ಆಗುತ್ತದೆ, ಕೊನೆಗೆ ಅದೇ ಯೀಸ್ಟ್ ಅದನ್ನು ಮತ್ತೆ ಒಳಗೆಳೆದುಕೊಂಡು ನಿರ್ವಾಸನೆ ಮಾಡುತ್ತದೆ. ಈ ಎರಡು ಕೆಲಸಗಳೂ ಬಿಸಿಯಲ್ಲಿ ಬೇಗ, ತಂಪಿನಲ್ಲಿ ಬಲು ನಿಧಾನ. ಮುಗಿಯಿತೋ ಇಲ್ಲವೋ ತಿಳಿಯಲು ಎರಡು ಜಾಮ್ ಸೀಸೆಗಳಲ್ಲಿ ಸ್ವಲ್ಪ ಸ್ವಲ್ಪ ಬಿಯರ್ ತೆಗೆದು, ಮುಚ್ಚಳ ಹಾಕಿ, ಒಂದನ್ನು 60ರಿಂದ 70 ಡಿಗ್ರಿಯ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಆರಿಸಿ, ಎರಡನ್ನೂ ಮೂಸಿ ನೋಡಿ. ಬಿಸಿ ಮಾಡಿದ್ದರಲ್ಲಿ ಬೆಣ್ಣೆ ಬಂದರೆ ಪೂರ್ವರೂಪ ಇನ್ನೂ ಉಳಿದಿದೆ, ಇನ್ನೆರಡು ದಿನ ಕಾಯಿರಿ. ಮನೆಯಲ್ಲಿ ತುಪ್ಪ ಕಾಯಿಸುವ ದಿನ ಈ ಪರೀಕ್ಷೆ ಬೇಡ.

ಎರಡು ಮೂರು ದಿನ ಹೈಡ್ರೋಮೀಟರು ಒಂದೇ ಕಡೆ ನಿಂತ ಮೇಲೆ ಬಿಯರನ್ನು ತಿಳಿಯಾಗಿಸಲು 3, 4 ಡಿಗ್ರಿಗೆ ಇಳಿಸುತ್ತೇವೆ. ತಣ್ಣಗಾದಂತೆ ಬಕೆಟ್ಟಿನೊಳಗಿನ ಅನಿಲ ಕುಗ್ಗಿ, ಏರ್‌ಲಾಕಿನ ನೀರನ್ನೂ ಅದರ ಹಿಂದೆ ಹೊರಗಿನ ಗಾಳಿಯನ್ನೂ ಒಳಗೆಳೆಯುತ್ತದೆ. ಆದ್ದರಿಂದ ಇಳಿಸುವ ಮುನ್ನ ಏರ್‌ಲಾಕ್ ತೆಗೆದು ರಬ್ಬರ್ ಬಿರಡೆ ಹಾಕಿ. ನೊರೆ ಬರಲೆಂದು ಬಾಟಲಿಗೆ ಹಾಕುವ ಸಕ್ಕರೆಯ ಲೆಕ್ಕದಲ್ಲಿ ಬಿಯರಿನ ಉಷ್ಣತೆ ಕೇಳಿದಾಗ ಹಲವರು ಈ 4 ಡಿಗ್ರಿಯನ್ನು ತುಂಬುತ್ತಾರೆ. ಹುದುಗುವಿಕೆ ಮುಗಿಯುವಾಗ ಬಿಯರು 21ರಲ್ಲಿತ್ತು, ಆ ಬಿಸಿಯಲ್ಲಿ ಎಷ್ಟು ಅನಿಲ ಕರಗಿರಬಲ್ಲುದೋ ಅಷ್ಟೇ ಈಗಲೂ ಇದೆ. ಆಮೇಲೆ ತಣ್ಣಗಾಗಿಸಿದ ಮಾತ್ರಕ್ಕೆ ಹೆಚ್ಚು ಅನಿಲ ಎಲ್ಲಿಂದಲೂ ಬರುವುದಿಲ್ಲ. 21 ಎಂದು ತುಂಬಿದರೆ ಸರಿಯಾದ ಸಕ್ಕರೆ ಸಿಗುತ್ತದೆ, 4 ಎಂದರೆ ಸಕ್ಕರೆ ಕಡಿಮೆಯಾಗಿ ನೊರೆಯಿಲ್ಲದ ಸಪ್ಪೆ ಬಿಯರು.

ರಜೆಗೆ ಊರಿಗೆ ಹೋದಾಗ ಬೆಂಗಳೂರಿನಲ್ಲಿ ಇದನ್ನು ಮಾಡಬಹುದೇ ಎಂದು ಬಾಗಿಲಲ್ಲೇ ಒಬ್ಬರು ಕೇಳಿದರು. ಮಾಡಬೇಡಿ. ಈ ದೇಶದಲ್ಲಿ 1963ರ ಬಜೆಟ್ಟಿನಲ್ಲಿ ಮನೆಬಳಕೆಯ ಬಿಯರಿಗೆ ಬೇಕಾಗಿದ್ದ ಲೈಸೆನ್ಸನ್ನು ತೆಗೆದುಹಾಕಿದರು, ಮಾರದಿದ್ದರೆ ಸರಿ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಅಲ್ಲಿ ಮೈಕ್ರೋಬ್ರೂವರಿಗೆ ಹೋಗಿ ಕುಡಿಯಿರಿ. ಆದರೆ ಆ ಪ್ರಶ್ನೆಯ ಹಿಂದಿನ ಚಿಂತೆ, ಅಂದರೆ ಬಿಸಿ ಊರಿನಲ್ಲಿ ಏಲ್ ಹೇಗೆ ಎಂಬುದು, ಇಲ್ಲಿಯ ಆಗಸ್ಟಿಗೂ ಸಲ್ಲುತ್ತದೆ. ನಾರ್ವೆಯ ಹಳ್ಳಿಮನೆಗಳಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕ್ವೇಕ್ ಎಂಬ ಯೀಸ್ಟುಗಳಿವೆ. ಅವುಗಳಲ್ಲಿ ವಾಸ್ ಊರಿನ ತಳಿಗೆ 35ರಿಂದ 40 ಡಿಗ್ರಿಯೇ ಇಷ್ಟ, ಅಷ್ಟು ಬಿಸಿಯಲ್ಲೂ ಫ್ಯೂಸೆಲ್ಲಿನ ಉರಿಯಿಲ್ಲದೆ ಕಿತ್ತಳೆ ಸಿಪ್ಪೆಯ ಪರಿಮಳ ಕೊಡುತ್ತದೆ, ಮೂರು ನಾಲ್ಕು ದಿನಗಳಲ್ಲಿ ಕೆಲಸ ಮುಗಿಸುತ್ತದೆ. ಬೆಲ್ಜಿಯಮ್ಮಿನ ಸೈಸಾನ್ ಎಂಬ ಏಲಿನ ಯೀಸ್ಟುಗಳೂ 30 ಡಿಗ್ರಿ ದಾಟಿದರೆ ಹಿಗ್ಗುವಂಥವು. ಫ್ರಿಜ್ಜಿಲ್ಲದವರು ಋತುವನ್ನು ನೋಡಿ ಯೀಸ್ಟ್ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ನನ್ನ ಮನೆಯ ಆ ಗೂಡಿಗೂ ಈಗ ಪುನರ್ವಸತಿಯಾಗಿದೆ: ಜನವರಿಯಲ್ಲಿ ಕ್ವೇಕ್ ಬಕೆಟ್ಟು ಮತ್ತೆ ದೋಸೆ ಹಿಟ್ಟಿನ ಪಕ್ಕಕ್ಕೇ ಹೋಗುತ್ತದೆ, ಮೈಗೆ ಕಂಬಳಿ ಬೇರೆ.

ಬಾಟಲಿಗೆ ತುಂಬಿದ ಮೇಲೂ ಒಂದು ಹಂತ ಉಳಿದಿರುತ್ತದೆ. ಹಾಕಿದ ಸಕ್ಕರೆಯನ್ನು ತಿಂದು ಅನಿಲ ಮಾಡಲು ಯೀಸ್ಟಿಗೆ 18ರಿಂದ 20 ಡಿಗ್ರಿಯಲ್ಲಿ ಎರಡು ವಾರ ಬೇಕು, ಆದ್ದರಿಂದ ತುಂಬಿದ ಕೂಡಲೇ ಗ್ಯಾರೇಜಿನ ಚಳಿಗೆ ಒಯ್ಯಬೇಡಿ. ಪ್ರತಿ ಬಾರಿಯೂ 40 ಗಾಜಿನ ಬಾಟಲಿಗಳ ಜೊತೆಗೆ ಒಂದನ್ನು ಮಾತ್ರ ಸೋಡಾದ ಖಾಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಮೇಲೆ ಉಳಿದ ಗಾಳಿಯನ್ನು ಒತ್ತಿ ಹೊರಹಾಕಿ ಮುಚ್ಚಳ ಬಿಗಿಯಿರಿ. ದಿನಕ್ಕೊಮ್ಮೆ ಅದನ್ನು ಹೆಬ್ಬೆರಳಿನಿಂದ ಅದುಮಿ ನೋಡುತ್ತಿರಿ. ಅದು ಅಂಗಡಿಯಿಂದ ತಂದ ಸೋಡಾ ಬಾಟಲಿಯಷ್ಟು ಗಟ್ಟಿಯಾದ ದಿನ ಉಳಿದ 40ನ್ನೂ ತಂಪಿಗೆ ಸಾಗಿಸಬಹುದು.